ನೀರಿಗಿಟ್ಟ ಚಕ್ರ

ಹೋದ ತಿಂಗಳು ಒಂದು ಶನಿವಾರ ಬೆಳಿಗ್ಗೆ ದುಬೈಯ ಅಲ್ ನಹ್ದಾದ ನಮ್ಮ ಫ್ಲ್ಯಾಟಿನಲ್ಲಿ ಮಗಳು ತಲೆಗೆ ಹಚ್ಚಿಕೊಳ್ಳಲಿಕ್ಕೆಂದು ಹರಳೆಣ್ಣೆ ಕಾಯಿಸುತ್ತಿದ್ದಳು. ಕೂದಲು ಉದುರುವುದಕ್ಕೆ ಊರಿನಿಂದ ಅವಳ ಅಜ್ಜಿ ವಿಡಿಯೋ ಕಾಲಿನಲ್ಲಿ ಹೇಳಿಕೊಟ್ಟ ಮದ್ದು. ಫೋನು ನೋಡುತ್ತ ನಿಂತವಳು ಸೌಟನ್ನು ಒಲೆಯ ಮೇಲೆ ಹೆಚ್ಚು ಹೊತ್ತು ಬಿಟ್ಟಳು, ಎಣ್ಣೆ ಹೊಗೆಯೆದ್ದಿತು. ನಾನು ಅರ್ಧ ಕುಡಿದ ಚಹಾ ಇಟ್ಟು ಬಾಲ್ಕನಿಗೆ ಹೋದೆ. "ಪಪ್ಪಾ, ವಾಟ್ ಹ್ಯಾಪನ್ಡ್? ಇಟ್ಸ್ ಜಸ್ಟ್ ಆಯಿಲ್" ಎಂದಳು. ಏನಿಲ್ಲ ಎಂದೆ. ಮಕ್ಕಳಿಗೆ ನಾವು ಹೇಳುವ ಸುಳ್ಳುಗಳಲ್ಲಿ ಅತಿ ಚಿಕ್ಕದು ಇದೇ.

ಹರಳೆಣ್ಣೆಯ ಹೊಗೆ ಎಂದರೆ ನನಗೆ ಒಂದು ಕಾರು. ಅಮೆರಿಕದಲ್ಲಿ ನೂರು ವರ್ಷಕ್ಕೂ ಹಿಂದೆ ಕಟ್ಟಿದ ರೇಸಿನ ಕಾರು. ಅದರ ಹೆಸರು ಬರೆಯುವುದಿಲ್ಲ, ಕಾರಿನದ್ದೇನೂ ತಪ್ಪಿರಲಿಲ್ಲ. ಆಗಿನ ಓಟದ ಕಾರುಗಳ ಎಂಜಿನ್ನಿಗೆ ಹರಳೆಣ್ಣೆ ಹಾಕುತ್ತಿದ್ದರು. ನಮ್ಮ ಯಜಮಾನರು ಅದೇ ವಾಸನೆ ಬರಬೇಕೆಂದು ಹಟ ಹಿಡಿದು ಇಂಡಿಯಾದಿಂದಲೇ ಡಬ್ಬಿಗಟ್ಟಲೆ ತರಿಸುತ್ತಿದ್ದರು. ನಾಲ್ಕು ವರ್ಷದ ಹಿಂದಿನ ಆ ಚಳಿಗಾಲ ಪೂರ್ತಿ ನನ್ನ ಅಂಗಿಗೆ ಅದೇ ವಾಸನೆ. ಹೆಂಡತಿ ನನ್ನ ಬಟ್ಟೆಯನ್ನು ಬೇರೆಯಾಗಿ ಒಗೆಯುತ್ತಿದ್ದಳು.

ಆಗ ನಾವು ಅಬುಧಾಬಿಯ ಖಲೀಫಾ ಸಿಟಿಯಲ್ಲಿದ್ದೆವು. ಒಂದು ದೊಡ್ಡ ವಿಲ್ಲಾದ ಹಿಂದೆ ಎಸಿ ಹಾಕಿದ ಉದ್ದನೆಯ ಶೆಡ್ಡು, ಅದರೊಳಗೆ ಹದಿನೇಳು ಹಳೆ ಕಾರುಗಳು. ಕಾರುಗಳಿಗೆ ಇಪ್ಪತ್ತನಾಲ್ಕು ಗಂಟೆ ಎಸಿ. ನಮಗೆ ಊಟದ ಕೋಣೆಯಲ್ಲಿ ಫ್ಯಾನು. ಯಜಮಾನರನ್ನು ಎಲ್ಲರೂ ಕರೆಯುವಂತೆ ನಾವೂ ಅರ್ಬಾಬ್ ಎನ್ನುತ್ತಿದ್ದೆವು. ಅರವತ್ತು ದಾಟಿದ ಮನುಷ್ಯ, ಮೃದು ಮಾತು. ಹಿಂದಿ ಚೆನ್ನಾಗಿ ಆಡುತ್ತಿದ್ದರು. ಮ್ಯಾನೇಜರ್ ಪಿಂಟೋ ಸರ್ ನಮ್ಮ ಊರ ಕಡೆಯವರೇ, ಕಿನ್ನಿಗೋಳಿಯ ಕೊಂಕಣಿ ಕ್ರಿಶ್ಚಿಯನ್ನರು. ನಾನು ಪಾರ್ಟ್ಸ್ ಕೋಆರ್ಡಿನೇಟರ್. ಎಂದರೆ ಯಾವ ಬೋಲ್ಟು ಯಾವ ದೇಶದಲ್ಲಿ ಸಿಗುತ್ತದೆಂದು ಹುಡುಕಿ, ಇಮೇಲ್ ಬರೆದು, ಕಾದು, ತರಿಸುವವನು. ಸ್ಪಾನರ್ ಹಿಡಿಯಲು ಬಾರದಿದ್ದರೂ ಎಲ್ಲ ಗೊತ್ತಿದ್ದವನಂತೆ ಮಾತಾಡಲು ಬರುತ್ತಿತ್ತು. ಗಲ್ಫಿನಲ್ಲಿ ಅದಕ್ಕೂ ಒಂದು ಡೆಸಿಗ್ನೇಷನ್ ಇರುತ್ತದೆ.

ವಾಮನಾಚಾರ್ಯರು ಅಲ್ಲಿಗೆ ಬಂದದ್ದು ನಾನು ಸೇರಿದ ಎರಡನೆಯ ವರ್ಷ. ಮಲ್ಪೆಯಲ್ಲಿ ತಲೆತಲಾಂತರದಿಂದ ಮೀನುಗಾರರ ದೋಣಿ ಕಟ್ಟುತ್ತಿದ್ದ ಮನೆಯವರು. ಮರದ ದೋಣಿ ಕೇಳುವವರಿಲ್ಲದಾದಾಗ ಅಜ್ಮಾನಿಗೆ ಬಂದು ಅರಬರ ದೊಡ್ಡ ಮರದ ಹಡಗುಗಳ ಕೆಲಸಕ್ಕೆ ಸೇರಿದರು. ಅದೂ ಕಡಿಮೆಯಾದಾಗ ಪಿಂಟೋ ಸರ್ ಇವರನ್ನು ಹುಡುಕಿ ತಂದರು. ಹಳೆಯ ಕಾರುಗಳ ಹೊಟ್ಟೆಯೊಳಗೆಲ್ಲ ಮರವೇ ಇರುತ್ತದೆ ಎಂದು ವಾಮನಾಚಾರ್ಯರಿಗೆ ಗೊತ್ತಾದದ್ದು ಆಗಲೇ. ಐವತ್ತು ದಾಟಿತ್ತು, ಸಣ್ಣ ಆಳು, ಕಿವಿಯ ಹಿಂದೆ ಯಾವಾಗಲೂ ಪೆನ್ಸಿಲು. ಇಂಗ್ಲಿಷ್ ಒಂದಕ್ಷರ ಬಾರದು. ಹಿಂದಿ, ಹಡಗಿನ ಯಾರ್ಡಿನಲ್ಲಿ ಕಲಿತದ್ದು, ಮೊಳೆ, ಹಲಗೆ, ಊಟ, ರಜೆ ಇಷ್ಟಕ್ಕೆ ಸಾಲುತ್ತಿತ್ತು. ಆದ್ದರಿಂದ ದೊಡ್ಡವರ ಹತ್ತಿರ ಏನಾದರೂ ಹೇಳುವುದಿದ್ದರೆ ನನ್ನ ಮೂಲಕವೇ ಹೇಳುತ್ತಿದ್ದರು. "ಶೆಟ್ರೇ, ಇದೊಂದು ಅವರಿಗೆ ಅರ್ಥ ಆಗುವ ಹಾಗೆ ಹೇಳಿ" ಎನ್ನುವರು. ನಾನು ಅರ್ಥವಾಗುವ ಹಾಗೆ ಹೇಳುತ್ತಿದ್ದೆ. ಒಂದಿಷ್ಟು ಸೊಗಸನ್ನೂ ನನ್ನ ಕಡೆಯಿಂದ ಸೇರಿಸುತ್ತಿದ್ದೆ, ಅದರ ಮೆಚ್ಚುಗೆಯಲ್ಲಿ ಅರ್ಧವನ್ನು ನಾನೇ ಇಟ್ಟುಕೊಳ್ಳುತ್ತಿದ್ದೆ.

ಹರಳೆಣ್ಣೆ ಕುಡಿಯುವ ಆ ಹಳದಿ ರೇಸಿನ ಕಾರನ್ನು ವಾಮನಾಚಾರ್ಯರು ಅಜ್ಜೇರು ಎನ್ನುತ್ತಿದ್ದರು. ತುಳುವಿನಲ್ಲಿ ಅಜ್ಜನಿಗೆ ಮರ್ಯಾದೆ ಕೊಟ್ಟು ಕರೆಯುವುದು ಹಾಗೆ. ಅಜ್ಜೇರಿಗೆ ಬಾಗಿಲಿಲ್ಲ, ಚಾವಣಿಯಿಲ್ಲ, ಸೀಟ್ ಬೆಲ್ಟಿಲ್ಲ. ಡ್ರೈವರನ ಮುಖದೆದುರು ತಟ್ಟೆಯಷ್ಟಗಲದ ಒಂದು ದುಂಡು ಗಾಜು, ಅಷ್ಟೇ. ಹಿಂದೆ ಡ್ರಮ್ಮಿನಂಥ ಪೆಟ್ರೋಲ್ ಟ್ಯಾಂಕು. ಬ್ರೇಕು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿದರೆ ಒಂದು ಸಲ ಸೀನಿ, ಎರಡು ಸಲ ಕೆಮ್ಮಿ, ಆಮೇಲೆ ಶೆಡ್ಡಿನ ತಗಡೆಲ್ಲ ನಡುಗುವ ಹಾಗೆ ಸದ್ದು ಎಬ್ಬಿಸುತ್ತಿತ್ತು. ಇವತ್ತಿಗೂ ಶೇಖ್ ಜಾಯೆದ್ ರಸ್ತೆಯಲ್ಲಿ ನನ್ನ ಪಕ್ಕದಿಂದ ಕೋಟಿ ಬೆಲೆಯ ಗಾಡಿಗಳು ಕಿರುಚಿಕೊಂಡು ಹೋಗುತ್ತವೆ. ಅವುಗಳ ಸದ್ದು ನನಗೆ ಸದ್ದು ಅನಿಸುವುದಿಲ್ಲ.

ಸಂಜೆ ಅರ್ಬಾಬ್ ಶೆಡ್ಡಿಗೆ ಬಂದರೆ ಕಥೆ. ಅಮೆರಿಕದಲ್ಲಿ ಮೋಟಾರು ಹೊಸದಾಗಿದ್ದಾಗ ಜನ ವೇಗಕ್ಕೆ ಹೇಗೆ ಹುಚ್ಚರಾಗಿದ್ದರು ಎಂಬುದೇ ಎಲ್ಲ ಕಥೆಯ ತಿರುಳು. ಒಂದು ಮೈಲಿಯನ್ನು ಒಂದು ನಿಮಿಷದೊಳಗೆ ಓಡುತ್ತದೆಂದು ಕಾರ್ಖಾನೆಯವರೇ ಬರೆದುಕೊಡುತ್ತಿದ್ದರಂತೆ. ಜನ ಭಾನುವಾರ ಜಾತ್ರೆಗೆ ಹೋದ ಹಾಗೆ ರೇಸಿಗೆ ಹೋಗುತ್ತಿದ್ದರಂತೆ. ಬರೀ ಹಲಗೆ ಜೋಡಿಸಿ ಮೈಲಿ ಉದ್ದದ ದುಂಡನೆಯ ಓಟದ ಹಾದಿ ಕಟ್ಟುತ್ತಿದ್ದರು ಎಂದಾಗ ವಾಮನಾಚಾರ್ಯರು ಕೈಯ ಉಳಿ ಕೆಳಗಿಟ್ಟರು.

"ಮರದ ರಸ್ತೆಯಾ? ಮಳೆ ಬಂದರೆ ಎಂತ ಮಾಡ್ತಿದ್ರಂತೆ ಕೇಳಿ ಶೆಟ್ರೇ. ಎಷ್ಟು ಜನ ಆಚಾರಿಗಳು ಕೆಲಸ ಮಾಡಿರಬೇಕು!"

ನಾನು ಕೇಳಿದೆ. ಅರ್ಬಾಬ್ ನಕ್ಕು, ಮೂರೋ ನಾಲ್ಕೋ ವರ್ಷದಲ್ಲಿ ಎಲ್ಲ ಕೊಳೆತುಹೋಗುತ್ತಿತ್ತು, ಹಲಗೆ ಕಿತ್ತು ತೂತು ಬಿದ್ದರೂ ಓಡಿಸುತ್ತಿದ್ದರು ಎಂದರು. ಆ ಕಾಲದ ರೇಸಿನಲ್ಲಿ ಡ್ರೈವರನ ಪಕ್ಕದಲ್ಲಿ ಒಬ್ಬ ಮೆಕ್ಯಾನಿಕ್ ಕೂರಲೇಬೇಕಿತ್ತು ಎಂದೂ ಹೇಳಿದರು. ಎಣ್ಣೆಯ ಪಂಪು ಒತ್ತುವುದು, ಟ್ಯಾಂಕಿಗೆ ಕೈಯಿಂದ ಗಾಳಿ ಹೊಡೆಯುವುದು, ಹಿಂದಿನಿಂದ ಯಾರು ಬರುತ್ತಾರೆ, ಟೈರು ಹೇಗಿದೆ ನೋಡುವುದು ಅವನ ಕೆಲಸ. ಎಂಜಿನ್ನಿನ ಸದ್ದಿಗೆ ಮಾತು ಕೇಳಿಸುವುದಿಲ್ಲವಾದ್ದರಿಂದ ಡ್ರೈವರನ ಭುಜ ತಟ್ಟಿ ತಿಳಿಸಬೇಕು. ಗೆದ್ದರೆ ಪುಸ್ತಕದಲ್ಲಿ ಡ್ರೈವರನ ಹೆಸರು. ಅಪಘಾತವಾದರೆ ಹೆಚ್ಚಾಗಿ ಸಾಯುತ್ತಿದ್ದವನು ಪಕ್ಕದವನು. "ಅವರ ಹೆಸರು ಎಲ್ಲಿಯೂ ಸಿಗುವುದಿಲ್ಲ, ನಾನು ತುಂಬ ಹುಡುಕಿದ್ದೇನೆ" ಎಂದು ಅರ್ಬಾಬ್ ನಿಜವಾದ ಬೇಸರದಲ್ಲೇ ಹೇಳಿದ್ದರು.

ಅಕ್ಟೋಬರಿನಲ್ಲಿ ಸೆಕೆ ಇಳಿದು ಕಾರುಗಳನ್ನು ಹೊರಗೆ ತೆಗೆಯುವ ಕಾಲ ಬಂತು. ಮೊದಲ ಸಲ ಅಜ್ಜೇರನ್ನು ತಳ್ಳಿದಾಗಲೇ ಹಿಂದಿನ ಚಕ್ರಗಳು ಕಿರ್ರೆಂದವು. ಅವು ಮರದ ಚಕ್ರಗಳು. ನಡುವಿನಿಂದ ಅಂಚಿನವರೆಗೆ ಹನ್ನೆರಡು ಕಡ್ಡಿ. ಸೈಕಲ್ಲಿನ ಕಡ್ಡಿಯಲ್ಲ, ಮಗುವಿನ ಮುಂಗೈಯಷ್ಟು ದಪ್ಪದವು. ವಾಮನಾಚಾರ್ಯರು ಕುಕ್ಕುರು ಕೂತು ಒಂದೊಂದು ಕಡ್ಡಿಯನ್ನೂ ಕೊಡತಿಯಿಂದ ಮೆತ್ತಗೆ ತಟ್ಟಿ, ಕಿವಿಗೊಟ್ಟು ಕೇಳಿದರು.

"ವರ್ಷಗಟ್ಟಲೆ ಎಸಿಯಲ್ಲಿಟ್ಟು ಮರ ಒಣಗಿ ಸಣ್ಣ ಆಗಿದೆ. ಜೀವ ಇಲ್ಲ ಇದರಲ್ಲಿ. ಹೊಸದು ಮಾಡಬೇಕು. ಮರ ತರಿಸಿಕೊಡಿ, ಮೂರು ವಾರ ಸಾಕು ನನಗೆ" ಎಂದರು.

ಬೇಕಾದ ಮರ ಹಿಕರಿ. ಅಮೆರಿಕದಲ್ಲಿ ಬೆಳೆಯುವುದು, ಪೆಟ್ಟು ತಾಳುವ ಮರ. ಜನವರಿ ಕೊನೆಗೆ ಅಲ್ ಐನ್ ಹೊರಗಿನ ಒಂದು ಖಾಸಗಿ ರಸ್ತೆಯಲ್ಲಿ ಹಳೆ ಕಾರಿನವರೆಲ್ಲ ಸೇರುವುದಿತ್ತು. ಒಂದೊಂದೇ ಕಾರು ನೇರ ರಸ್ತೆಯಲ್ಲಿ ತನಗಾದಷ್ಟು ವೇಗದಲ್ಲಿ ಓಡಿ ತೋರಿಸುವುದು. ಅರ್ಬಾಬ್ ಎರಡು ವರ್ಷದಿಂದ ಅಜ್ಜೇರಿನ ಜೊತೆ ಆ ದಿನಕ್ಕೆ ಕಾದಿದ್ದರು. ಸಮಯ ಬೇಕಾದಷ್ಟಿತ್ತು. ನಾನು ಅಮೆರಿಕದ ಮರದ ವ್ಯಾಪಾರಿಗೆ ಬರೆದೆ, ಅವನು ಬೆಲೆ, ಅಳತೆ ಎಲ್ಲ ಕಳಿಸಿದ. ಒಪ್ಪಿಗೆಯೆಂದು ಒಂದು ಸಾಲಿನ ಉತ್ತರ ಹಾಕಬೇಕಿತ್ತು. ಅಷ್ಟರಲ್ಲಿ ನನ್ನ ಊರಿನ ರಜೆ ಬಂತು, ತಂಗಿಯ ಮದುವೆ, ಓಡಾಟ. ತಿರುಗಿ ಬಂದು ನವೆಂಬರ್ ಕೊನೆಯಲ್ಲಿ ಇಮೇಲ್ ತೆರೆದು ನೋಡುತ್ತೇನೆ, ಆ ಉತ್ತರ ಡ್ರಾಫ್ಟಿನಲ್ಲೇ ಕೂತಿದೆ. ಅವತ್ತೇ ಕಳಿಸಿದೆ. ಮರ ಹೊರಟಿದೆ, ಹಡಗಿನಲ್ಲಿದೆ, ಕಸ್ಟಮ್ಸಿನಲ್ಲಿದೆ ಎಂದು ಎಲ್ಲರಿಗೂ ಹೇಳುತ್ತ ದಿನ ದೂಡಿದೆ. ತಡ ಯಾರಿಂದ ಆಯಿತೆಂದು ಪಿಂಟೋ ಸರ್ ಕೇಳಲಿಲ್ಲ, ನಾನು ಹೇಳಲಿಲ್ಲ. ಹೆಂಡತಿ, ಮಗಳು ಇಬ್ಬರೂ ನನ್ನ ವೀಸಾದ ಮೇಲಿದ್ದರು. ನನ್ನ ಕೆಲಸ ಹೋದರೆ ಮೂವರೂ ಗಂಟು ಕಟ್ಟಬೇಕಿತ್ತು.

ಓಟಕ್ಕೆ ಆರು ದಿನ ಇರುವಾಗಲೂ ಮರ ಬಂದಿರಲಿಲ್ಲ. ಪಿಂಟೋ ಸರ್ ಶೆಡ್ಡಿಗೆ ಬಂದು ಚಕ್ರ ಅಲ್ಲಾಡಿಸಿ ನೋಡಿ, "ಎಂತ ಮಾಡುದು ಈಗ? ಅರ್ಬಾಬಿಗೆ ಆಗುದಿಲ್ಲ ಅಂತ ನಾನು ಹೇಳ್ಬೇಕಾ? ಯಾರ ತಲೆ ಹೋಗ್ತದೆ ಗೊತ್ತುಂಟಲ್ಲ?" ಎಂದರು. ಹೇಳುವಾಗ ನನ್ನನ್ನು ನೋಡಿದರೋ ಇಲ್ಲವೋ, ನನಗಂತೂ ನೋಡಿದಂತೆಯೇ ಆಯಿತು.

ಆಗ ನನ್ನ ಬಾಯಿಂದ ಬಂದದ್ದು ನನ್ನ ಅಜ್ಜನ ಮಾತು. ಕಾರ್ಕಳದ ಹತ್ತಿರ ನಮ್ಮಜ್ಜನಿಗೆ ಎತ್ತಿನ ಗಾಡಿಯಿತ್ತು. ಬೇಸಿಗೆಯಲ್ಲಿ ಚಕ್ರ ಒಣಗಿ ಸಡಿಲಾದರೆ ಕಳಚಿ ಕೆರೆಯ ನೀರಲ್ಲಿ ಮಲಗಿಸಿ, ಮೇಲೆ ಕಲ್ಲು ಹೇರುತ್ತಿದ್ದರು. ಎರಡು ದಿನಕ್ಕೆ ಮರ ಉಬ್ಬಿ ಚಕ್ರ ಬಿಗಿ. "ನೀರಿಗಿಟ್ಟರೆ ಸಾಕು ಸರ್, ನಮ್ಮ ಮನೆಯಲ್ಲಿ ಕಣ್ಣಾರೆ ನೋಡಿದ್ದೇನೆ" ಎಂದೆ. ಪಿಂಟೋ ಸರ್ ಮುಖ ಅರಳಿತು.

ವಾಮನಾಚಾರ್ಯರು ಮಾತ್ರ ಎದ್ದು ನಿಂತರು. "ಬೇಡ ಶೆಟ್ರೇ. ಗಾಡಿ ಚಕ್ರಕ್ಕೆ ಹೊರಗಿಂದ ಕಬ್ಬಿಣದ ಪಟ್ಟಿ ಕಾಯಿಸಿ ಹೊಡೆದಿರ್ತಾರೆ, ಅದು ಹಿಡ್ಕೊಳ್ತದೆ. ಮತ್ತೆ ಅದು ನಡಿಯುದು ಎತ್ತಿನ ಕಾಲಲ್ಲಿ. ಇದು ಓಡುವ ಗಾಡಿ. ನೀರು ಕುಡಿದ ಮರ ಇವತ್ತು ಉಬ್ತದೆ, ಒಣಗುವಾಗ ಮೊದಲಿಗಿಂತ ಸಣ್ಣ ಆಗ್ತದೆ. ದೋಣಿ ಕಟ್ಟುವವ ನಾನು, ನೀರು ಮರಕ್ಕೆ ಎಂತ ಮಾಡ್ತದೆ ಅಂತ ನಂಗೆ ಹೇಳಿಕೊಡ್ತೀರಾ?"

"ಒಂದು ದಿನದ ಓಟಕ್ಕೆ ಆಚಾರ್ರೇ. ಆಮೇಲೆ ನಿಮ್ಮ ಹೊಸ ಚಕ್ರ ಇದ್ದೇ ಇದೆಯಲ್ಲ" ಎಂದೆ.

"ಆಚಾರ್ರೇ, ಯಲ್ಲಾ, ಕೆಲಸ ಶುರು ಮಾಡಿ, ಇನ್ನು ಚರ್ಚೆ ಬೇಡ" ಎಂದರು ಪಿಂಟೋ ಸರ್. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಅಲ್ಲಿ ಕೋಣಗಳು ಎರಡಿದ್ದವು, ಎತ್ತು ಒಂದೇ.

ವಾಮನಾಚಾರ್ಯರೇ ಚಕ್ರ ಕಳಚಿದರು. ಕಾರಿಗೆ ಸಂಬಂಧಪಟ್ಟ ಮರದ ಕೆಲಸಕ್ಕೆ ಬೇರೆಯವರು ಕೈ ಹಾಕುವುದು ಅವರಿಗೆ ಸರಿಬರುತ್ತಿರಲಿಲ್ಲ. ತೋಟದ ಖರ್ಜೂರದ ಮರಗಳಿಗೆ ನೀರು ತುಂಬಿಡುವ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಎರಡು ದಿನ ಎರಡು ಚಕ್ರ ಮುಳುಗಿದ್ದವು. ತೆಗೆದಾಗ ಕಲ್ಲಿನಷ್ಟು ಬಿಗಿ. ಕಿರ್ರೆನ್ನುವುದು ಸಂಪೂರ್ಣ ನಿಂತಿತ್ತು. ಅರ್ಬಾಬ್ ಬಂದು ಕೈಯಾರೆ ಅಲ್ಲಾಡಿಸಿ ನೋಡಿ ಖುಷಿಪಟ್ಟರು. ಯಾರ ಉಪಾಯ ಎಂದು ಕೇಳಿದಾಗ ಪಿಂಟೋ ಸರ್ "ಟೀಮ್ ವರ್ಕ್" ಎಂದರು. ನನಗೆ ಅವತ್ತು ಆ ಉತ್ತರದಿಂದ ಹೊಟ್ಟೆ ಉರಿಯಿತು, ಉಪಾಯ ನನ್ನದೆಂದು ಹೇಳಲಿಲ್ಲವಲ್ಲ ಎಂದು. ಇನ್ನೊಂದು ವಾರದಲ್ಲಿ ಅದೇ ಉತ್ತರಕ್ಕೆ ಕೈಮುಗಿಯುವವನಿದ್ದೆ.

ಖಲೀಫಾ ಸಿಟಿಯಲ್ಲಿ ಸಮುದ್ರ ಹತ್ತಿರ, ಚಳಿಗಾಲದ ಬೆಳಿಗ್ಗೆ ಕಾರಿನ ಗಾಜೆಲ್ಲ ಇಬ್ಬನಿಯಿಂದ ಒದ್ದೆ. ಅಲ್ ಐನ್ ಹಾಗಲ್ಲ. ಒಂದೂವರೆ ಗಂಟೆ ಒಳನಾಡಿಗೆ ಹೋದರೆ ಗಾಳಿಯಲ್ಲಿ ಪಸೆಯೇ ಇಲ್ಲ, ತುಟಿ ಒಡೆಯುತ್ತದೆ. ಅಜ್ಜೇರನ್ನು ತೆರೆದ ಟ್ರೇಲರಿನ ಮೇಲೆ ಕಟ್ಟಿ ಅಲ್ಲಿಗೆ ಒಯ್ದೆವು. ಗುರುವಾರ ಓಟ ನಡೆಯಬೇಕಿತ್ತು. ಧೂಳುಗಾಳಿ ಎದ್ದು ಶನಿವಾರಕ್ಕೆ ಹೋಯಿತು. ಎರಡು ಹಗಲು ಆ ಕಾರು ಬಿಸಿಲು, ಗಾಳಿ ಎರಡರಲ್ಲೂ ನಿಂತಿತ್ತು. ನಾನು ಹೋಟೆಲಿನಲ್ಲಿ ಮಲಗಿ ಟೀವಿ ನೋಡಿದೆ. ವಾಮನಾಚಾರ್ಯರು ಗೋಣಿ ಒದ್ದೆ ಮಾಡಿ ಚಕ್ರಕ್ಕೆ ಸುತ್ತುತ್ತ ಕೂತಿದ್ದರು, ಅದು ಅರ್ಧ ಗಂಟೆಗೆ ಒಣಗುತ್ತಿತ್ತು.

ಶನಿವಾರ ಬೆಳಿಗ್ಗೆ ನಾನು ಹೋದಾಗ ಅವರು ಬಲಗಡೆಯ ಹಿಂದಿನ ಚಕ್ರದ ಪಕ್ಕ ಕೊಡತಿ ಹಿಡಿದು ಕೂತಿದ್ದರು.

"ಸದ್ದು ಬದಲಾಗಿದೆ. ಕೇಳಿ" ಎಂದು ತಟ್ಟಿದರು. ನನಗೇನೂ ತಿಳಿಯಲಿಲ್ಲ. "ಇಲ್ಲಿ ಎರಡು ಕಡ್ಡಿ ಬುಡದಲ್ಲಿ ಬಿಟ್ಟಿದೆ. ಓಡಿಸುದು ಬೇಡ ಅಂತ ಅರ್ಬಾಬರಿಗೆ ಹೇಳಿ. ಅವರು ಕೇಳ್ತಾರೆ, ಒಳ್ಳೆಯವರು. ನನ್ನ ಹಿಂದಿಯಲ್ಲಿ ಹೇಳಿದ್ರೆ ಅವರಿಗೆ ಅರ್ಥ ಆಗ್ಲಿಕ್ಕಿಲ್ಲ."

ಸರಿ, ಹೇಳುತ್ತೇನೆ ಎಂದೆ. ನಿಜವಾಗಿಯೂ ಹೇಳಬೇಕೆಂದೇ ಹೊರಟೆ. ಅರ್ಬಾಬ್ ತಮ್ಮ ಗೆಳೆಯರ ಗುಂಪಿನ ನಡುವೆ ದಿನದ ಬಿಳಿ ನಿಲುವಂಗಿ ಕಂದೂರವನ್ನು ಬಿಟ್ಟು, ಹಳೆಯ ಕಾಲದ ಚರ್ಮದ ಟೋಪಿ, ಕನ್ನಡಕ ಹಾಕಿಕೊಂಡು ಮಕ್ಕಳ ಹಾಗೆ ನಗುತ್ತ ನಿಂತಿದ್ದರು. ಹೇಳಿದರೆ ಏಕೆ ಸಡಿಲಾಯಿತು ಎನ್ನುತ್ತಾರೆ. ನೀರಿಗೇಕೆ ಇಟ್ಟಿರಿ ಎನ್ನುತ್ತಾರೆ. ಮರ ಏಕೆ ಬರಲಿಲ್ಲ ಎನ್ನುತ್ತಾರೆ. ಕೊನೆಗೆ ಎಲ್ಲವೂ ನನ್ನ ಡ್ರಾಫ್ಟಿನ ಬಾಗಿಲಿಗೇ ಬಂದು ನಿಲ್ಲುತ್ತಿತ್ತು. ಅವರೇ ನನ್ನನ್ನು ನೋಡಿ ಕೈಯೆತ್ತಿ ಕೇಳಿದರು, "ಕ್ಯಾ ಶೆಟ್ಟಿ, ಸಬ್ ಠೀಕ್?"

"ತಮಾಮ್, ಅರ್ಬಾಬ್" ಎಂದೆ.

ಅಷ್ಟೇ. ಎಲ್ಲ ಸರಿಯಾಗಿದೆ ಎನ್ನಲು ಅರಬಿಯಲ್ಲಿ ಆ ಒಂದು ಮಾತು ಸಾಕು. ಚಹಾ ಕುಡಿದು ವಾಪಸ್ ಬಂದು ವಾಮನಾಚಾರ್ಯರಿಗೆ, "ಹೇಳಿದ್ದೇನೆ, ನಿಧಾನಕ್ಕೆ ಓಡಿಸ್ತಾರಂತೆ, ಜನರ ಮುಂದೆ ನಿಲ್ಲಿಸಲಿಕ್ಕೆ ಆಗುವುದಿಲ್ಲವಂತೆ" ಎಂದೆ. ಇಷ್ಟು ಉದ್ದದ ಸುಳ್ಳು ಎಷ್ಟು ಸಲೀಸಾಗಿ ಬಂತೆಂದು ನನಗೇ ಆಶ್ಚರ್ಯ.

ಅವರು ಕೊಡತಿಯನ್ನು ಚೀಲಕ್ಕೆ ಹಾಕಿದರು. ಆಮೇಲೆ, "ಹಾಗಾದ್ರೆ ಪಕ್ಕದಲ್ಲಿ ನಾನು ಕೂರ್ತೇನೆ" ಎಂದರು. ಪಕ್ಕದಲ್ಲಿ ಕೂರಬೇಕಾಗಿದ್ದವನು ನಮ್ಮ ಶೆಡ್ಡಿನ ಪೆಶಾವರದ ಮೆಕ್ಯಾನಿಕ್. "ನಮ್ಮಪ್ಪ ಎಷ್ಟು ದೋಣಿ ಕಟ್ಟಿದ್ರೂ ಮೊದಲನೇ ಸಲ ಕಡಲಿಗೆ ಇಳಿಯುವಾಗ ತಾನೇ ಅದರಲ್ಲಿ ಕೂರ್ತಿದ್ರು. ಮಾಡಿದವ ಕೂರದ ದೋಣಿಯಲ್ಲಿ ಬೇರೆಯವರನ್ನು ಕೂರಿಸಬಾರದು ಅಂತ. ಈ ಚಕ್ರಕ್ಕೆ ನನ್ನ ಕೈ ಬಿದ್ದಿದೆ. ಸದ್ದು ಎದ್ರೆ ನಂಗೆ ಗೊತ್ತಾಗ್ತದೆ, ಭುಜ ತಟ್ಟಿ ನಿಲ್ಲಿಸ್ತೇನೆ."

ಬೇಡ ಎನ್ನಬೇಕಿತ್ತು. ಎಣ್ಣೆ ಪಂಪು ಒತ್ತಲು ಅವರಿಗೆ ಬರುತ್ತದೋ ಎಂದು ಮಾತ್ರ ಕೇಳಿದೆ. ಬರುತ್ತದೆ ಎಂದರು.

ಓಟ ಮಧ್ಯಾಹ್ನ ಮೂರಕ್ಕೆ. ಎರಡೂ ಬದಿಗೆ ಮರಳು, ನಡುವೆ ನೇರ ಡಾಂಬರು. ಹಗ್ಗದ ಆಚೆ ಜನ ಫೋನು ಎತ್ತಿ ಹಿಡಿದಿದ್ದರು. ಅಜ್ಜೇರು ಹೊರಟದ್ದು ನಿಧಾನಕ್ಕೆ. ಮೊದಲ ಅರ್ಧ ದಾರಿ ಗಂಭೀರವಾಗಿಯೇ ಹೋಯಿತು. ಆಮೇಲೆ ಜನ ಕೂಗಿದ್ದು ಕೇಳಿಸಿತೋ, ಮೈಯೊಳಗಿನ ಹಳೆಯ ಹುಚ್ಚು ಎದ್ದಿತೋ, ಅರ್ಬಾಬ್ ಒತ್ತಿದರು. ನೂರು ವರ್ಷದ ಎಂಜಿನ್ನು ಬಾಯಿ ಬಿಟ್ಟು ಗರ್ಜಿಸಿತು. ಹಿಂದಿನಿಂದ ಹರಳೆಣ್ಣೆಯ ನೀಲಿ ಹೊಗೆ. ನಾನು ನಿಂತಲ್ಲಿಗೆ ವಾಮನಾಚಾರ್ಯರ ಬೆನ್ನು ಕಾಣುತ್ತಿತ್ತು. ಅವರ ಕೈ ಮೇಲೆದ್ದು ಅರ್ಬಾಬರ ಭುಜದ ಮೇಲೆ ಬಿತ್ತು. ಇನ್ನೊಮ್ಮೆ ಬಿತ್ತು. ಕಾರಿನ ವೇಗ ಇಳಿಯತೊಡಗಿತು. ಅರ್ಧಕ್ಕರ್ಧ ಇಳಿದಿರಬೇಕು, ಆಗ ಬಲಗಡೆಯ ಹಿಂದಿನ ಚಕ್ರ ಕಡ್ಡಿಪೆಟ್ಟಿಗೆ ತುಳಿದ ಹಾಗೆ ಪುಡಿಯಾಯಿತು. ಕಾರು ಆ ಮಗ್ಗುಲಿಗೆ ಕುಸಿದು, ಅಡ್ಡ ತಿರುಗಿ, ಮರಳಿಗೆ ನುಗ್ಗಿ ನಿಂತಿತು. ಹಿಡಿದುಕೊಳ್ಳಲು ಸ್ಟೇರಿಂಗ್ ಇದ್ದವರು ಕಾರಿನಲ್ಲೇ ಉಳಿದರು. ಪಕ್ಕದವರು ಹೊರಗೆ ಎಸೆಯಲ್ಪಟ್ಟರು.

ಅರ್ಬಾಬರಿಗೆ ಎರಡು ಪಕ್ಕೆಲುಬು ಬಿರಿದಿತ್ತು. ವಾಮನಾಚಾರ್ಯರ ಬಲಗೈ ಮಣಿಕಟ್ಟಿನ ಕೆಳಗೆ ಮೂಳೆಯೆಂಬುದು ಉಳಿದಿರಲಿಲ್ಲ. ಭುಜ ತಟ್ಟಿರದಿದ್ದರೆ ಇಬ್ಬರೂ ಇರುತ್ತಿರಲಿಲ್ಲ ಎಂದು ನೋಡಿದವರೆಲ್ಲ ಹೇಳಿದರು. ಅಲ್ ಐನ್ ಆಸ್ಪತ್ರೆಯಲ್ಲಿ ಎರಡು ಆಪರೇಷನ್ ಆಯಿತು. ಬೆರಳುಗಳು ಉಳಿದವು, ಆದರೆ ಮಡಚುವುದಿಲ್ಲ ಎಂದರು ಡಾಕ್ಟರು. ಅವರ ಕೆಲಸ ಏನೆಂದು ಡಾಕ್ಟರು ಕೇಳಿದಾಗ ನಾನು ಇಂಗ್ಲಿಷಿನಲ್ಲಿ ಕಾರ್ಪೆಂಟರ್ ಎಂದೆ. ಡಾಕ್ಟರು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

ನಾಲ್ಕನೆಯ ದಿನ ಇನ್ಶೂರೆನ್ಸಿನ ಮನುಷ್ಯ ಬಂದ. ಬಿಳಿಯ ಶರ್ಟು, ಲ್ಯಾಪ್‌ಟಾಪು, ಚುರುಕಾದ ಇಂಗ್ಲಿಷು. ವಾರ್ಡಿನಲ್ಲಿ ಹಾಸಿಗೆಯ ಒಂದು ಬದಿಗೆ ಅವನು, ಇನ್ನೊಂದು ಬದಿಗೆ ನಾನು, ಕಿಟಕಿಯ ಹತ್ತಿರ ಪಿಂಟೋ ಸರ್. ಚಕ್ರದ ವಿಷಯ ಕಾರ್ಪೆಂಟರನಿಂದಲೇ ಕೇಳಬೇಕು, ಯಾರಾದರೂ ಭಾಷಾಂತರ ಮಾಡಿ ಹೇಳಿ ಎಂದ. ಪಿಂಟೋ ಸರ್ ನನ್ನ ಕಡೆ ಕೈ ತೋರಿಸಿದರು.

ಚಕ್ರ ನೀರಿಗೆ ಏಕೆ ಹಾಕಿದರು ಎಂದು ಅವನು ಕೇಳಿದ. ನಾನು ಕನ್ನಡದಲ್ಲಿ ಕೇಳಿದೆ. ವಾಮನಾಚಾರ್ಯರ ತುಟಿ ಒಣಗಿತ್ತು, ನಿಲ್ಲಿಸಿ ನಿಲ್ಲಿಸಿ ಹೇಳಿದರು.

"ಹೊಸ ಮರ ಬರ್ಲಿಲ್ಲ. ಟೈಮ್ ಇರ್ಲಿಲ್ಲ. ನಾನು ಬೇಡ ಅಂದೆ, ನೀರು ಕುಡಿದ ಮರ ಒಣಗಿದ್ರೆ ಸಣ್ಣ ಆಗ್ತದೆ ಅಂದೆ. ಬೇರೆ ದಾರಿ ಇಲ್ಲ ಅಂತ ಹಾಕಿದ್ದು. ಬೆಳಿಗ್ಗೆ ಸದ್ದು ಬಂತು, ಅದನ್ನೂ ಹೇಳಿದ್ದೇನೆ. ಅರ್ಬಾಬರಿಗೆ ಗೊತ್ತಿತ್ತು, ನೀವೇ ಹೋಗಿ ಹೇಳಿದ್ದಲ್ವಾ ಶೆಟ್ರೇ? ಅದೆಲ್ಲ ಬರಿಲಿಕ್ಕೆ ಹೇಳಿ."

ನೀರಿನ ಉಪಾಯ ಯಾರದೆಂದು ಅವರು ಹೇಳಲಿಲ್ಲ. ನನ್ನ ಹೆಸರು ಬರಬಾರದೆಂದು ಆ ನೋವಿನಲ್ಲೂ ಮಾತನ್ನು ಬಳಸಿಕೊಂಡು ಹೋದರು. ಅದು ನನಗೆ ಅಲ್ಲೇ ಅರ್ಥವಾಯಿತು. ಅರ್ಥವಾದ ಮೇಲೂ ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಇದು: ಸಮಯ ಇರಲಿಲ್ಲವಾದ್ದರಿಂದ ತಾನು ಚಕ್ರಗಳನ್ನು ನೀರಿಗೆ ಹಾಕಿದೆ ಎನ್ನುತ್ತಾರೆ, ಅವರ ಊರಿನಲ್ಲಿ ಎತ್ತಿನ ಗಾಡಿಯ ಚಕ್ರಕ್ಕೆ ಹೀಗೆಯೇ ಮಾಡುತ್ತಾರಂತೆ. ನಮ್ಮಜ್ಜನ ಕೆರೆಯನ್ನು ಕಾರ್ಕಳದಿಂದ ಎತ್ತಿ ಮಲ್ಪೆಯ ಕಡಲ ತಡಿಯಲ್ಲಿಟ್ಟೆ.

ಸಡಿಲಾದದ್ದನ್ನು ಯಾರಿಗಾದರೂ ಮೊದಲೇ ತಿಳಿಸಿದ್ದರೋ ಎಂದು ಕೇಳಿದ ಅವನು. ನಾನು ವಾಮನಾಚಾರ್ಯರಿಗೆ, "ಇನ್ನೇನಾದರೂ ಹೇಳುವುದುಂಟಾ ಅಂತ ಕೇಳ್ತಿದ್ದಾರೆ" ಎಂದೆ. ಅವರು ಇಲ್ಲ ಎಂದು ತಲೆಯಾಡಿಸಿದರು. ತಲೆಯಾಡಿಸಿದ್ದನ್ನು ಅವನೇ ಕಣ್ಣಾರೆ ನೋಡಿ ಟೈಪ್ ಮಾಡಿಕೊಂಡ. ನಾನು ಬಾಯಿ ಬಿಡಬೇಕಾಗಿಯೇ ಬರಲಿಲ್ಲ.

ಪಿಂಟೋ ಸರ್‌ಗೆ ಕನ್ನಡ, ಇಂಗ್ಲಿಷು ಎರಡೂ ನನಗಿಂತ ಚೆನ್ನಾಗಿ ಬರುತ್ತದೆ. ಅವರು ಕಿಟಕಿಯಾಚೆ ನೋಡುತ್ತ, ಕತ್ತಿನ ಶಿಲುಬೆಯನ್ನು ಸರದ ಮೇಲೆ ಹಿಂದೆ ಮುಂದೆ ಜಾರಿಸುತ್ತಿದ್ದರು.

ನರ್ಸುಗಳ ಮೇಜಿನ ಪ್ರಿಂಟರಿನಲ್ಲಿ ಕಾಗದ ತೆಗೆಸಿ ಸಹಿಗೆ ಇಟ್ಟರು. "ನಾನು ಹೇಳಿದ್ದೆಲ್ಲ ಬರೆದಿದ್ದಾರಾ ಶೆಟ್ರೇ?" ಎಂದು ವಾಮನಾಚಾರ್ಯರು ಕೇಳಿದರು. ಎಲ್ಲ ಬರೆದಿದ್ದಾರೆ ಎಂದೆ. ಎಡಗೈಯಲ್ಲಿ ಪೆನ್ನು ಹಿಡಿದು, ಕನ್ನಡದಲ್ಲಿ, ಒಂದನೇ ಕ್ಲಾಸಿನ ಮಗುವಿನ ಅಕ್ಷರದಲ್ಲಿ ತಮ್ಮ ಹೆಸರು ಬರೆದರು. ಕಾಗದ ಜಾರದಂತೆ ನಾನೇ ಹಿಡಿದುಕೊಂಡಿದ್ದೆ. ಒಂದು ಪ್ರತಿ ಅವರಿಗೂ ಕೊಟ್ಟರು, ದಿಂಬಿನಡಿ ಇಟ್ಟುಕೊಂಡರು.

ಮಾರ್ಚಿನಲ್ಲಿ ಅವರ ವೀಸಾ ಕ್ಯಾನ್ಸಲ್ ಆಯಿತು. ಅಪ್ಪಣೆಯಿಲ್ಲದೆ ಬೆಲೆಬಾಳುವ ಕಾರಿಗೆ ಹಾನಿ ಮಾಡಿದ ಕೆಲಸಗಾರ ಎಂದು ಅರ್ಬಾಬರ ದೊಡ್ಡ ಮಗ ತೀರ್ಮಾನಿಸಿದ. ಅರ್ಬಾಬ್ ಆಸ್ಪತ್ರೆಯಿಂದ ಬಂದ ಮೇಲೆ ಶೆಡ್ಡಿಗೆ ಕಾಲಿಡಲಿಲ್ಲ. ಒಂದೇ ಸಲ ನನ್ನನ್ನು ಕರೆದು, "ಆಚಾರಿ ನನಗೆ ಒಂದು ಮಾತು ಹೇಳಬಹುದಿತ್ತಲ್ಲ, ನಾನು ಬೈಯುತ್ತಿದ್ದೆನೇ?" ಎಂದು ಕೇಳಿದರು. ನಾನು ಅವರ ಔಷಧಿ ತರುತ್ತೇನೆಂದು ಹೊರಗೆ ಬಂದೆ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಗಾದೆಯನ್ನು ಶಾಲೆಯಲ್ಲಿ ಓದುವಾಗ ನಾವೆಲ್ಲ ನಕ್ಕಿದ್ದೆವು. ಕೋತಿ ಆಮೇಲೆ ಹೇಗೆ ಬದುಕಿತು ಎಂದು ಯಾವ ಮೇಷ್ಟ್ರೂ ಹೇಳಲಿಲ್ಲ. ಚೆನ್ನಾಗಿ ಬದುಕುತ್ತದೆ. ಪಿಂಟೋ ಸರ್ ಕೊಟ್ಟ ಒಳ್ಳೆಯ ಸರ್ಟಿಫಿಕೇಟ್ ಹಿಡಿದು ನಾನು ದುಬೈಯಲ್ಲಿ ಇದಕ್ಕಿಂತ ದೊಡ್ಡ ಕೆಲಸಕ್ಕೆ ಸೇರಿದೆ. ವಾಮನಾಚಾರ್ಯರನ್ನು ಏರ್‌ಪೋರ್ಟಿಗೆ ಬಿಟ್ಟವನೂ ನಾನೇ. ಉಪಕಾರ ಮರೆಯುವುದಿಲ್ಲ ಎಂದು ಹೇಳಿ ಒಳಗೆ ಹೋದರು.

ಹೋದ ವಾರ, ಆಫೀಸಿನಲ್ಲಿದ್ದಾಗ ಗೊತ್ತಿಲ್ಲದ ಇಂಡಿಯಾ ನಂಬರಿನಿಂದ ಫೋನು ಬಂತು. ಹುಡುಗಿಯ ದನಿ.

"ಅಂಕಲ್, ನಾನು ಸುಮನಾ. ಮಲ್ಪೆ ವಾಮನಾಚಾರ್ಯರ ಮಗಳು."

ಚೆನ್ನಾಗಿದ್ದೀಯಾ ಎಂದೆ. ಬಿ.ಎಡ್ ಮುಗಿಸಿ ಇಂಗ್ಲಿಷ್ ಟೀಚರ್ ಆಗಿದ್ದೇನೆ ಎಂದಳು. ಮನೆಗೆ ಸುಣ್ಣ ಬಣ್ಣ ಮಾಡಿಸಲು ಕಪಾಟು ಖಾಲಿ ಮಾಡುವಾಗ ಅಪ್ಪನ ದುಬೈ ಕಾಗದಗಳು ಸಿಕ್ಕಿದವಂತೆ. ಊರಿನವರಿಗೆ ಅಬುಧಾಬಿಯೂ ದುಬೈಯೇ. ಒಂದು ಕಾಗದ ಓದುತ್ತೇನೆ ಕೇಳಿ ಎಂದು, ಟೀಚರುಗಳು ಓದುವ ಹಾಗೆ ಬಿಡಿಸಿ ಬಿಡಿಸಿ ಓದಿದಳು. ನಾಲ್ಕೇ ಸಾಲು. ಎಲ್ಲ ನನ್ನ ವಾಕ್ಯಗಳು.

"ಅಪ್ಪ ಹೀಗೆ ಹೇಳಿದ್ರಾ ಅಂಕಲ್? ನಮ್ಮ ಮನೆಯಲ್ಲಿ ಯಾವತ್ತೂ ಎತ್ತಿನ ಗಾಡಿ ಇರ್ಲಿಲ್ಲ."

ನಾನು ಎದ್ದು ಕ್ಯಾಬಿನ್ನಿನ ಬಾಗಿಲು ಹಾಕಿದೆ.

"ನಾನಿದನ್ನ ಅಪ್ಪನಿಗೆ ಇನ್ನೂ ಓದಿ ಹೇಳಿಲ್ಲ. ಅವರು ಇಲ್ಲೇ ಜಗಲಿಯಲ್ಲಿದ್ದಾರೆ. ನೀವೇ ಹೇಳಿದ್ರೆ ಒಳ್ಳೇದು ಅಂತ ಫೋನ್ ಮಾಡಿದೆ. ಕೊಡ್ತೇನೆ."

ಚಪ್ಪಲಿಯ ಸದ್ದು. ಕಾಗೆಯ ಕೂಗು. ಆಮೇಲೆ ಆ ದನಿ, ನಾಲ್ಕು ವರ್ಷದಲ್ಲಿ ಒಂದಿಷ್ಟೂ ಬದಲಾಗದೆ.

"ಹೋ, ಶೆಟ್ರಾ! ಎಷ್ಟು ಕಾಲ ಆಯ್ತು ಮಾರಾಯ್ರೆ! ಮಗಳು ಎಷ್ಟನೇ ಕ್ಲಾಸು? ನಾನಿಲ್ಲಿ ಆರಾಮ. ಎಡಗೈಯಲ್ಲಿ ಉಳಿ ಹಿಡೀಲಿಕ್ಕೆ ಕಲಿತಿದ್ದೇನೆ, ಸಣ್ಣ ಪುಟ್ಟ ಮಣೆ, ಸ್ಟೂಲು ಆಗ್ತದೆ. ಇವಳು ಎಂತದೋ ಆಸ್ಪತ್ರೆ ಕಾಗದ ಹಿಡ್ಕೊಂಡು ಬೆಳಿಗ್ಗೆಯಿಂದ ಮುಖ ಊದಿಸಿಕೊಂಡಿದ್ದಾಳೆ. ಶೆಟ್ರತ್ರ ಕೇಳು, ಅವರಿಗೆಲ್ಲ ಗೊತ್ತುಂಟು ಅಂದೆ. ಎಂತ ಅದು?"

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ನನಗೆ ಈ ಜನ್ಮದಲ್ಲಿ ಸಿಗುವುದಿಲ್ಲ ಎಂದು ಗೊತ್ತಿತ್ತು. ಗಾಜಿನಾಚೆ ನನ್ನ ಕೈಕೆಳಗಿನ ಹುಡುಗಿಯೊಬ್ಬಳು ಸಹಿಗೆ ಫೈಲು ಹಿಡಿದು ಕಾಯುತ್ತಿದ್ದಳು.

"ಅದು ಹಳೇ ಇನ್ಶೂರೆನ್ಸ್ ಕಾಗದ ಆಚಾರ್ರೇ. ನೀವು ಅವತ್ತು ಹೇಳಿದ್ದನ್ನೇ ಬರೆದಿದ್ದಾರೆ" ಎಂದೆ.

"ಅಷ್ಟೇ ಅಲ್ವಾ! ನಾನೂ ಅದನ್ನೇ ಹೇಳಿದೆ ಇವಳಿಗೆ. ಕೇಳಿತಾ ಮಗಾ?"

ಫೋನಿನ ಸ್ಪೀಕರ್ ಹಾಕಿತ್ತು ಎಂದು ನನಗೆ ಗೊತ್ತಾದದ್ದು ಆಗ. "ಕೇಳಿತು ಅಪ್ಪಾ" ಎಂದಳು ಅವಳು, ತೀರ ಹತ್ತಿರದಿಂದ. "ಥ್ಯಾಂಕ್ಸ್ ಅಂಕಲ್" ಎಂದು ಹೇಳಿ ಫೋನಿಟ್ಟಳು.